ಅಮ್ಮನ ಸ್ಯಾಂಪಲ್ಲಿನ ನಂಬರು

ಮಸಿನಗುಡಿ,
10-10-2021, ಭಾನುವಾರ

ಪ್ರೀತಿಯ ಅಣ್ಣನಿಗೆ,

ವೀಣಾ ಬರೆಯುತ್ತಿದ್ದೇನೆ. ನಿನ್ನ ಮೈ ಹೇಗಿದೆ? ಕೆಮ್ಮು ನಿಂತಿತೇ? ಹೋದ ವಾರ ಊಟಿಯ ಮಾರ್ಕೆಟ್ಟಿನ ಹತ್ತಿರ ನಿನ್ನ ಜೊತೆ ತರಕಾರಿ ಗಾಡಿ ಓಡಿಸುತ್ತಿದ್ದ ಧರ್ಮಲಿಂಗಂ ಸಿಕ್ಕಿದ್ದ. ಹುಣಸೂರಿಗೆ ಕ್ಯಾರೆಟ್ ಇಳಿಸಲು ಹೋದಾಗ ನಿನ್ನನ್ನು ನೋಡಿದೆ ಎಂದ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಬೆಂಕಿ ನೋಡಿಕೊಳ್ಳುವ ಕೆಲಸಕ್ಕೆ ಇದ್ದೀಯಂತೆ. ಸೊರಗಿದ್ದೀಯಂತೆ, ಗಡ್ಡ ಬಿಟ್ಟಿದ್ದೀಯಂತೆ. ಮಾತಾಡಿಸಿದರೆ ಮುಖ ಆ ಕಡೆಗೆ ತಿರುಗಿಸಿಕೊಂಡೆಯಂತೆ. ವಿಳಾಸವನ್ನು ಅವನೇ ಬರೆದುಕೊಟ್ಟ, ಅವನ ಮೇಲೆ ಕೋಪ ಮಾಡಿಕೊಳ್ಳಬೇಡ. ಆ ಜ್ವರ ಬಿಟ್ಟ ಮೇಲೂ ನೀನು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದೆ. ಈಗ ಆ ಸೌದೆ ಹೊಗೆ, ಆ ಸೊಪ್ಪಿನ ಘಾಟು. ಹುಣಸೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಎದೆಯದ್ದು ಒಂದು ಎಕ್ಸ್‌ರೇ ತೆಗೆಸು. ಇದನ್ನು ತಂಗಿಯ ಮಾತು ಎಂದು ತಳ್ಳಿಹಾಕುವುದಾದರೆ ಲ್ಯಾಬಿನವಳ ಮಾತು ಎಂದಾದರೂ ಕೇಳು.

ನಿನ್ನ ಹಳೆಯ ನಂಬರಿಗೆ ಜೂನ್ ತಿಂಗಳಿಂದಲೂ ಫೋನ್ ಮಾಡುತ್ತಿದ್ದೇನೆ, ಅದು ಸತ್ತೇ ಹೋಗಿದೆ. ಅದಕ್ಕೇ ಕಾಗದ. ಸ್ಕೂಲಿನಲ್ಲಿ ನಾವಿಬ್ಬರೂ ಕಲಿತದ್ದು ತಮಿಳು. ಕನ್ನಡ ಅಮ್ಮ ಹಟ್ಟಿಯ ಜಗಲಿಯಲ್ಲಿ ಕೂರಿಸಿ ಸ್ಲೇಟಿನ ಮೇಲೆ ಬರೆಸಿದ್ದು ಅಷ್ಟೇ. ಆದರೂ ಇದನ್ನು ತಮಿಳಿನಲ್ಲಿ ಬರೆಯಲು ಕೈ ಬರಲಿಲ್ಲ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು.

ಮನೆಯಲ್ಲಿ ಅಪ್ಪ ಇದ್ದಾರೆ. ಬಲಮಂಡಿ ನೋವು ಹಾಗೇ ಇದೆ, ಮುಲಾಮು ಹಚ್ಚುತ್ತಾರೆ, ಡಾಕ್ಟರ ಹತ್ತಿರ ಹೋಗುವುದಿಲ್ಲ. ಕೆಂದ ಹಸು ಕರು ಹಾಕಿತು, ಹೆಣ್ಣುಗರು. ಮೋಯಾರ್ ಕಡೆಯ ಹೊಲಕ್ಕೆ ಎರಡು ಸಲ ಆನೆ ನುಗ್ಗಿ ಅವರೆ ಬಳ್ಳಿಯನ್ನೆಲ್ಲ ಎಳೆದುಹಾಕಿತು. ಈರುಳ್ಳಿಯನ್ನು ಮುಟ್ಟಲಿಲ್ಲ. ನಾನು ಅಮಾವಾಸ್ಯೆಗೆಂದು ರಜೆ ಹಾಕಿ ಬಂದವಳು ಇನ್ನೂ ಇಲ್ಲೇ ಇದ್ದೇನೆ. ಯಾಕೆ ಇದ್ದೇನೆ ಎಂಬುದು ಮುಂದೆ ಗೊತ್ತಾಗುತ್ತದೆ.

ಸುತ್ತಿ ಬಳಸಿ ಬರೆಯಲು ನನಗೆ ಬಾರದು. ಅಮ್ಮನಿಗೆ ರೋಗ ತಗುಲಿದ್ದು ನಿನ್ನಿಂದಲ್ಲ, ಅಣ್ಣ. ನಿನ್ನನ್ನು ಸಮಾಧಾನ ಮಾಡಲು ಹೇಳುತ್ತಿರುವ ಮಾತಲ್ಲ ಇದು. ಪರೀಕ್ಷೆಯಲ್ಲಿ ಬಂದಿದೆ, ನಾನು ಕಣ್ಣಾರೆ ನೋಡಿದ್ದೇನೆ. ಹೇಗೆ ಗೊತ್ತಾಯಿತು, ಆಮೇಲೆ ಏನಾಯಿತು ಎಂಬುದನ್ನು ಒಂದಾದ ಮೇಲೊಂದು ಬರೆಯುತ್ತೇನೆ. ನಡುವೆ ಎಲ್ಲಾದರೂ ಹರಿದುಹಾಕಬೇಕು ಅನ್ನಿಸಬಹುದು. ಅನ್ನಿಸಿದರೂ ಕೊನೆಯವರೆಗೆ ಓದು.

ಮೇ ತಿಂಗಳಿನದು ನಿನಗೆ ಗೊತ್ತಿರುವುದೇ, ಆದರೂ ತಾರೀಖುಗಳನ್ನು ಬರೆಯಬೇಕಾಗಿದೆ. ಹನ್ನೊಂದನೇ ತಾರೀಖು ಮಂಗಳವಾರ ನೀನು ಮೈಸೂರಿನಲ್ಲಿ ಲೋಡು ಇಳಿಸಿ ನಡುಗುತ್ತಾ ಮನೆಗೆ ಬಂದೆ. ಹನ್ನೆರಡಕ್ಕೆ ಇಲ್ಲಿನ ಆಸ್ಪತ್ರೆಯಲ್ಲಿ ನಿನ್ನ ಮೂಗಿನ ಸ್ವಾಬ್ ತೆಗೆದರು. ಹದಿಮೂರರ ಸಂಜೆ ಅಮ್ಮನಿಗೆ ಜ್ವರ ಬಂತು. ಹದಿನಾಲ್ಕಕ್ಕೆ ಅಮ್ಮನದೂ ಅಪ್ಪನದೂ ಸ್ವಾಬ್ ಆಯಿತು. ಅಪ್ಪನಿಗೆ ಇರಲಿಲ್ಲ, ಅಮ್ಮನಿಗೆ ಇತ್ತು. ಅದೇ ದಿನ ಊಟಿಯಲ್ಲಿ ನನಗೂ ಇದೆ ಎಂದು ಬಂತು. ಆಸ್ಪತ್ರೆ ಕೆಲಸದವಳು, ಅವಳಿಗೆ ಅಲ್ಲೇ ತಗುಲಿರುತ್ತದೆ ಎಂದು ಎಲ್ಲರೂ ಅಂದುಕೊಂಡರು. ನನ್ನ ವಿಷಯ ಅಲ್ಲಿಗೆ ಮುಗಿಯಿತು. ಹದಿನೇಳಕ್ಕೆ ಅಮ್ಮನಿಗೆ ಉಸಿರಾಡಲು ಕಷ್ಟವಾಗಿ ಆಂಬುಲೆನ್ಸಿನಲ್ಲಿ ಊಟಿಗೆ ತಂದರು. ಇಪ್ಪತ್ತಾರರ ಬುಧವಾರ ಮಧ್ಯಾಹ್ನ ಹೋಗಿಬಿಟ್ಟಳು. ಮಾರನೆಯ ದಿನ ಮಣ್ಣು ಮಾಡುವಾಗ ನಾವು ಮೂವರೂ ಯಾರೂ ಹತ್ತಿರ ಬಾರದಂತೆ ಕಟ್ಟಿದ್ದ ಹಗ್ಗದ ಈಚೆಗೆ ನಿಂತಿದ್ದೆವು. ನೀಲಿ ಬಟ್ಟೆ ತೊಟ್ಟವರು ಅವಳನ್ನು ಇಳಿಸಿದ ಮೇಲೆ ಒಬ್ಬೊಬ್ಬರೇ ಬಂದು ಒಂದು ಹಿಡಿ ಮಣ್ಣು ಹಾಕಿ ಎಂದರು. ಮಗ ಎಂದು ನೀನು ಮುಂದೆ ಹೋದೆ. ಆಗ ಅಪ್ಪ ನಿನ್ನ ತೋಳು ಹಿಡಿದು, “ಅವಳ ಮ್ಯಾಲ ನಿನ್ ಕೈಯಿಂದ ಮಣ್ಣು ಬೀಳದು ಬ್ಯಾಡ, ನೀನು ತಂದದ್ದು ಸಾಕು” ಎಂದರು. ನೀನು ಹಿಡಿದ ಮಣ್ಣನ್ನು ಅಲ್ಲೇ ಕೆಳಗೆ ಬಿಟ್ಟೆ. ನಾನು ನಿನ್ನಿಂದ ಎರಡು ಮಾರು ದೂರದಲ್ಲಿದ್ದೆ. ಬಾಯಿ ತೆರೆಯಲಿಲ್ಲ.

ಅಷ್ಟರಲ್ಲಾಗಲೇ ಎದುರು ಟೀ ಅಂಗಡಿಯ ಮಹಾಲಿಂಗಂ ಅಣ್ಣ ಮಲಗಿದ್ದರು. ಜೂನ್ ಎರಡಕ್ಕೆ ಅವರೂ ಹೋದರು. ನೀನು ಬಂದ ದಿನ ಅವರ ಅಂಗಡಿ ಬೆಂಚಿನ ಮೇಲೆ ಕುಳಿತು ನೀರು ಕುಡಿದಿದ್ದೆ ಎಂದು ಬೀದಿಯೆಲ್ಲ ಮಾತಾಯಿತು. ಅವರ ಹೆಂಡತಿ ರಾಜಾಮಣಿ ಅಕ್ಕ ನಿನ್ನ ಪಿಕಪ್ಪಿನ ಮುಂದಿನ ಗಾಜಿಗೆ ಕಲ್ಲು ಹಾಕಿದಾಗ ಸುತ್ತ ನಿಂತವರಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ. ಗಾಜಿನ ಚೂರುಗಳನ್ನು ನೀನೇ ಗುಡಿಸಿ, ಗಾಡಿಯನ್ನು ಧರ್ಮಲಿಂಗಂಗೆ ಒಪ್ಪಿಸಿ, ಮನೆಯೊಳಗೆ ಒಂದು ಮಾತೂ ಹೇಳದೆ ಹೊರಟುಹೋದೆ.

ಈಗ ಊಟಿ ಆಸ್ಪತ್ರೆಯ ನಮ್ಮ ಲ್ಯಾಬಿನ ವಿಷಯ. ಪಾಸಿಟಿವ್ ಬಂದ ಸ್ಯಾಂಪಲ್ಲುಗಳನ್ನು ನಾವು ಎಸೆಯುವುದಿಲ್ಲ. ಬೆರಳಿನಷ್ಟು ಉದ್ದದ ಟ್ಯೂಬುಗಳಲ್ಲಿ ತುಂಬಿ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿರುವ ಫ್ರೀಜರಿನಲ್ಲಿ ಇಟ್ಟಿರುತ್ತೇವೆ. ಅವುಗಳಲ್ಲಿ ಕೆಲವನ್ನು ಆರಿಸಿ ಬೆಂಗಳೂರಿಗೆ ಕಳಿಸುವುದು, ಅಲ್ಲಿನ ದೊಡ್ಡ ಲ್ಯಾಬಿನಲ್ಲಿ ವೈರಸ್ಸಿನ ಪೂರ್ತಿ ಬರಹವನ್ನು ಓದಿ ಅದು ಯಾವ ತಳಿ ಎಂದು ಹೇಳುವುದು, ಇದು ಆಗ ನಡೆಯುತ್ತಿತ್ತು. ಯಾವುದನ್ನು ಕಳಿಸಬೇಕು ಎನ್ನುವುದಕ್ಕೆ ನಿಯಮವಿದೆ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಬಂದಿದ್ದರೆ, ಸತ್ತವರಿದ್ದರೆ, ಎರಡು ಡೋಸ್ ಲಸಿಕೆ ಆದ ಮೇಲೂ ಬಂದಿದ್ದರೆ ಕಳಿಸಬೇಕು. ನಮ್ಮ ಮನೆ ಮೂರಕ್ಕೂ ಹೊಂದುತ್ತಿತ್ತು. ಜೂನ್ ಎರಡನೇ ವಾರ ನಮ್ಮ ಲ್ಯಾಬಿನ ಮುಖ್ಯಸ್ಥೆ ಸುಗನ್ಯಾ ಮೇಡಂ ಪಟ್ಟಿ ಮಾಡಿದರು. ಟ್ಯೂಬುಗಳನ್ನು ಹೊರತೆಗೆದು, ನಂಬರು ನೋಡಿ, ಡ್ರೈ ಐಸ್ ಪೆಟ್ಟಿಗೆಗೆ ಇಳಿಸಿದವಳು ನಾನು. ಅಮ್ಮನ ಟ್ಯೂಬು ಕೈಗೆ ಬಂದಾಗ ಅದು ಅಮ್ಮನದೆಂದು ನನಗೆ ಗೊತ್ತಿತ್ತು. ಲೇಬಲ್ಲಿನ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ, ಆದರೆ ಮಸಿನಗುಡಿಯಿಂದ ಬಂದ ಆ ದಿನದ ಸ್ಯಾಂಪಲ್ಲುಗಳು ಆರೇ ಇದ್ದವು, ಪಾಸಿಟಿವ್ ಬಂದದ್ದು ಅದೊಂದೇ. ಗ್ಲೌಸು ಹಾಕಿದ ಕೈಯಲ್ಲೂ ಅದು ಸುಡುವಷ್ಟು ತಣ್ಣಗಿತ್ತು. ಅಮ್ಮನದು ಅಂತ ಈ ಲೋಕದಲ್ಲಿ ಮಣ್ಣಿನ ಮೇಲೆ ಉಳಿದಿದ್ದದ್ದು ಅದೊಂದು ಹನಿಯೇ. ಅದನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಬಿಗಿದು ಟೇಪು ಸುತ್ತಿದೆ.

ಫಲಿತಾಂಶ ಬರಲು ಮೂರು ತಿಂಗಳು ಹಿಡಿಯಿತು. ಸೆಪ್ಟೆಂಬರ್ ಕೊನೆಯಲ್ಲಿ ಒಂದು ಪಟ್ಟಿ ಬಂತು. ಒಂದು ಕಡೆ ನಂಬರು, ಇನ್ನೊಂದು ಕಡೆ ತಳಿಯ ಹೆಸರು. ಅದನ್ನು ರೋಗಿಗಳಿಗೆ ಹೇಳುವ ಕ್ರಮವಿಲ್ಲ. ಸರ್ಕಾರಕ್ಕೆ ರೋಗದ ಜಾಡು ಸಿಗಲಿ ಎಂದು ಮಾಡುವುದು ಅದು, ಯಾವ ನಂಬರು ಯಾರದೆಂದು ಹುಡುಕುವುದು ತಪ್ಪು. ನಾನು ಹುಡುಕಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ರಿಜಿಸ್ಟರು ತೆಗೆದು ಮೇ ತಿಂಗಳ ಹಾಳೆ ತಿರುವಿದೆ. ಒಂದು ಮಾತು ನಿಜ ಬರೆಯುತ್ತೇನೆ, ನಿನಗೆ ನೋವಾದರೂ ಸರಿ. ನಿನ್ನ ಮೇಲಿನ ಪ್ರೀತಿಯಿಂದ ನಾನು ಅದನ್ನು ನೋಡಲಿಲ್ಲ. ನಿನ್ನದೂ ಅಮ್ಮನದೂ ಒಂದೇ ತಳಿ ಎಂದು ಕಾಣಲಿ ಎಂದೇ ನೋಡಿದೆ. ಹಾಗೆ ಕಂಡಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು.

ನಿನ್ನ ನಂಬರಿನ ಮುಂದೆ ಆಲ್ಫಾ ಎಂದಿತ್ತು. ಅಮ್ಮನ ಮುಂದೆ ಡೆಲ್ಟಾ. ನನ್ನ ಮುಂದೆಯೂ ಡೆಲ್ಟಾ.

ಇದರ ಅರ್ಥವನ್ನು ಬಿಡಿಸಿ ಹೇಳುತ್ತೇನೆ. ವೈರಸ್ಸು ಎಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಸುಮಾರು ಮೂವತ್ತು ಸಾವಿರ ಅಕ್ಷರಗಳ ಒಂದು ಉದ್ದ ಸಾಲು. ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೋಗುತ್ತಾ ಅದು ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತದೆ. ದಿನಕ್ಕೆ ಎಂಟುನೂರು ಲೇಬಲ್ ಬರೆಯುವಾಗ ನನ್ನ ಕೈ ಎಲ್ಲೋ ಒಂದು ಅಂಕಿ ತಪ್ಪುವ ಹಾಗೆ ಅದೂ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ತಪ್ಪಿದ್ದು ಹಾಗೇ ಉಳಿದು ಮುಂದಿನವರಿಗೆ ಹೋಗುತ್ತದೆ. ಆ ತಪ್ಪುಗಳನ್ನು ನೋಡಿಯೇ ಇದು ಆಲ್ಫಾ, ಇದು ಡೆಲ್ಟಾ ಎನ್ನುತ್ತಾರೆ. ಎರಡೂ ದೂರದ ದಾಯಾದಿಗಳಿದ್ದ ಹಾಗೆ. ಒಂದು ವಾರದಲ್ಲಿ, ಒಂದೇ ಮನೆಯಲ್ಲಿ, ಒಂದು ಇನ್ನೊಂದಾಗಿ ಬದಲಾಗುವುದಿಲ್ಲ. ನಿನ್ನ ಮೈಯಲ್ಲಿದ್ದ ರೋಗ ಅಮ್ಮನ ಮೈಗೆ ಹೋಗಿದ್ದರೆ ಅಮ್ಮನದೂ ಆಲ್ಫಾ ಆಗಿರುತ್ತಿತ್ತು. ಆಗಿಲ್ಲ. ನೀನು ತಂದ ಜ್ವರ ನಿನ್ನಲ್ಲೇ ಉಳಿದು ನಿನ್ನಲ್ಲೇ ಮುಗಿಯಿತು.

ನಾನು ಆ ರಿಜಿಸ್ಟರು ಮುಚ್ಚಲಿಲ್ಲ. ಸುಗನ್ಯಾ ಮೇಡಂ ಊಟ ಮುಗಿಸಿ ಬಂದವರು ನನ್ನನ್ನೂ ಅದನ್ನೂ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಬಡಗರು, ಕೋತಗಿರಿ ಕಡೆಯ ಹಟ್ಟಿಯವರು. ಇಬ್ಬರೇ ಇರುವಾಗ ಅವರು ತಮ್ಮ ಬಡಗ ಮಾತಿನಲ್ಲಿ, ನಾನು ನಮ್ಮ ಕನ್ನಡದಲ್ಲಿ ಮಾತಾಡುತ್ತೇವೆ. ನಾನು ಎಲ್ಲವನ್ನೂ ಹೇಳಿದೆ. ಅವರು ಬೆಂಗಳೂರಿಗೆ ಬರೆದು ಮೂರೂ ಸ್ಯಾಂಪಲ್ಲುಗಳ ಪೂರ್ತಿ ಬದಲಾವಣೆಗಳ ಪಟ್ಟಿ ತರಿಸಿದರು. ನನ್ನ ಪಟ್ಟಿಯಲ್ಲಿ ಇದ್ದ ಪ್ರತಿಯೊಂದು ತಪ್ಪೂ ಅಮ್ಮನ ಪಟ್ಟಿಯಲ್ಲಿತ್ತು. ಅಮ್ಮನದರಲ್ಲಿ ಒಂದು ಹೆಚ್ಚಾಗಿತ್ತು. ನನ್ನಲ್ಲಿಲ್ಲದ ಒಂದೇ ಒಂದು ಅಕ್ಷರ. ಅಂದರೆ ನಕಲು ನನ್ನದರಿಂದ ಅಮ್ಮನ ಕಡೆಗೆ ಹೋಗಿದೆ, ಆ ಕಡೆಯಿಂದ ಈ ಕಡೆಗಲ್ಲ. ಅದೇ ವಾರ ಪಾಸಿಟಿವ್ ಬಂದಿದ್ದ ಲ್ಯಾಬಿನ ಇನ್ನಿಬ್ಬರದನ್ನೂ ತರಿಸಿದ್ದರು, ಅವರದೂ ನನ್ನದೇ ಪಟ್ಟಿ. ಮೇಡಂ ಪಟ್ಟಿಗಳನ್ನು ಇನ್ನೊಮ್ಮೆ ಸಾಲು ಸಾಲಾಗಿ ತಾಳೆ ನೋಡಿದರು. ಆಮೇಲೆ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ. “ಇದು ಯಾರಿಂದ ಬಂತು ಅಂತ ಖಚಿತವಾಗಿ ಹೇಳೋದಿಲ್ಲ ವೀಣಾ. ಯಾರಿಂದ ಬರಲಿಲ್ಲ ಅನ್ನೋದನ್ನ ಮಾತ್ರ ಖಚಿತವಾಗಿ ಹೇಳ್ತದೆ.” ನನಗೆ ಉಸಿರಾಡಲು ಒಂದು ಕಿಂಡಿ ಬಿಟ್ಟರು ಅವರು. ಆದರೆ ನನಗೆ ಒಂಬತ್ತನೇ ತಾರೀಖು ನೆನಪಿತ್ತು.

ಮೇ ಒಂಬತ್ತು, ಭಾನುವಾರ. ಮಾರನೆಯ ದಿನದಿಂದ ಲಾಕ್‌ಡೌನ್ ಎಂದು ನಾನು ಅಮ್ಮನ ಬಿಪಿ ಮಾತ್ರೆಗಳನ್ನು ತೆಗೆದುಕೊಂಡು ಊಟಿಯಿಂದ ಕಲ್ಹಟ್ಟಿ ಘಾಟಿ ಇಳಿದು ಮನೆಗೆ ಬಂದಿದ್ದೆ. ನೀನು ಆಗ ಮೈಸೂರಿನಲ್ಲಿದ್ದೆ. ಬರುವಾಗಲೇ ಗಂಟಲು ಕೆರೆಯುತ್ತಿತ್ತು. ಊಟಿಯ ಚಳಿ ಎಂದುಕೊಂಡೆ, ಇಡೀ ದಿನ ಮಾಸ್ಕು ಕಟ್ಟಿ ಸ್ಪಿರಿಟ್ಟಿನ ವಾಸನೆ ಕುಡಿದದ್ದು ಎಂದುಕೊಂಡೆ. ಎರಡು ಡೋಸ್ ಆಗಿತ್ತಲ್ಲ, ನನಗೇನು ಎಂಬ ಧೈರ್ಯ. ಅಮ್ಮ ದೂರ ನಿಲ್ಲಲು ಹೋದರೆ ನಾನೇ ನಕ್ಕು ಹತ್ತಿರ ಎಳೆದುಕೊಂಡೆ. ತಲೆಗೆ ಎಣ್ಣೆ ಹಚ್ಚಿ ಬಾಚಿದೆ. ಅವಳ ತಟ್ಟೆಯಲ್ಲೇ ಉಂಡೆ. ಅವಳ ಪಕ್ಕದಲ್ಲೇ ಮಲಗಿ, ಬೆಳಿಗ್ಗೆ ಎದ್ದು ಊಟಿಗೆ ವಾಪಸಾದೆ. ಲಸಿಕೆ ಹಾಕಿಸಿಕೊಳ್ಳಲು ಹೆದರುತ್ತಿದ್ದಳು, ಮುಂದಿನ ಸಲ ಬಂದಾಗ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಹದಿಮೂರಕ್ಕೆ ಅವಳಿಗೆ ಜ್ವರ ಬಂತು ಎಂದು ಅಪ್ಪ ಫೋನಿನಲ್ಲಿ ಹೇಳಿದಾಗ ನನ್ನ ಬೆರಳು ತಾನಾಗಿಯೇ ದಿನ ಎಣಿಸಿತು. ನೀನು ಬಂದು ಎರಡು ದಿನ, ನಾನು ಬಂದು ನಾಲ್ಕು ದಿನ. ಎರಡೇ ದಿನಕ್ಕೆ ಈ ರೋಗ ಮೇಲೇಳುವುದು ಅಪರೂಪ ಎಂದು ನನಗೆ ಗೊತ್ತಿತ್ತು. ಇಡೀ ಮಸಿನಗುಡಿಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಂಗಳೂರಿನ ಕಾಗದ ಬರುವುದಕ್ಕೆ ಮೊದಲೇ ನನಗೆ ಅನುಮಾನವಿತ್ತು, ಅಣ್ಣ. ರೋಗ ತಂದದ್ದು ತಿಳಿಯದೆ ಆದದ್ದು. ಆಮೇಲಿನದು ತಿಳಿದೇ ಮಾಡಿದ್ದು.

ಇನ್ನೂ ಒಂದಿದೆ. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನನ್ನ ಹತ್ತು ದಿನ ಮುಗಿದ ಮೇಲೆ, ಇಪ್ಪತ್ತೈದನೇ ತಾರೀಖು, ನೀಲಿ ಬಟ್ಟೆ ತೊಟ್ಟು ವಾರ್ಡಿಗೆ ಹೋಗಲು ನನಗೆ ಬಿಟ್ಟರು. ಸ್ಟಾಫ್ ಎಂದು. ಅಮ್ಮ ಮುಖಕ್ಕೆ ಹಾಕಿದ್ದ ಆಕ್ಸಿಜನ್ ಮಾಸ್ಕನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ನನ್ನನ್ನು ಗುರುತು ಹಿಡಿದಳು. ಹಾಗೆ ತೆಗೆಯಬಾರದು ಎಂದೆ. ಕೇಳಲಿಲ್ಲ. “ಅವತ್ತು ನೀ ಬಂದಾಗ್ಲೇ ನಿನ್ ಗಂಟ್ಲು ಕಟ್ಟಿತ್ತು ಕನವ್ವ,” ಎಂದಳು. ಸ್ವಲ್ಪ ಹೊತ್ತು ಉಸಿರಿಗೆ ಒದ್ದಾಡಿ, “ಅದ ನಿಮ್ಮಪ್ಪನ್ಗ ಹೇಳ್ಬ್ಯಾಡ,” ಎಂದಳು. ಅಷ್ಟೇ. ಮಾಸ್ಕು ಹಾಕಿ ಕಣ್ಣು ಮುಚ್ಚಿಕೊಂಡಳು. ಅಮ್ಮ ನಿನ್ನನ್ನು ಬಿಟ್ಟುಕೊಟ್ಟಳು ಎಂದು ತಿಳಿಯಬೇಡ. ನಿನ್ನ ಮೇಲೆ ಹೊರಗೆ ಏನು ನಡೆಯುತ್ತಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ, ಅಪ್ಪ ಆ ಮಾತು ಆಡಿದ್ದು ಎರಡು ದಿನ ಬಿಟ್ಟು. ಅವಳು ನನ್ನನ್ನು ಅಪ್ಪನ ಬಾಯಿಂದ ಕಾಪಾಡಿದಳು, ಅಷ್ಟೇ ಅವಳಿಗೆ ತೋಚಿದ್ದು. ಆದರೆ ನಾನು ಆ ಮಾತನ್ನು ಐದು ತಿಂಗಳು ಹೊದ್ದುಕೊಂಡು ಕೂತೆ. ಹೇಳಬೇಕು ಅನ್ನಿಸಿದಾಗಲೆಲ್ಲ ಅಮ್ಮ ಬೇಡ ಎಂದಿದ್ದಾಳೆ ಎಂದುಕೊಳ್ಳುತ್ತಿದ್ದೆ.

ಹೋದ ಬುಧವಾರ ಅಮಾವಾಸ್ಯೆ, ಹಿರಿಯರ ಹಬ್ಬ. ಅಮ್ಮನಿಗೆ ಮೊದಲ ವರ್ಷದ ಎಡೆ. ನಾನು ಅಡುಗೆ ಮಾಡಿದೆ. ಅಪ್ಪ ಅವಳ ಫೋಟೋ ಮುಂದೆ ಎಲೆ ಹಾಸಿ, ಅವಳ ಹಸಿರು ಸೀರೆ ಮಡಿಸಿಟ್ಟು, ಧೂಪಕ್ಕೆ ಕೆಂಡ ತಂದರು. ಧೂಪ ಹಾಕಬೇಕಾದ ಮಗ ಇಲ್ಲ, ತಾವೇ ಹಾಕಲು ಕೂತರು. ಅವರು ಸಾಂಬ್ರಾಣಿ ಹಿಡಿದಾಗ ನನ್ನಿಂದ ತಡೆಯಲಾಗಲಿಲ್ಲ. ಕೆಂಡದ ಮುಂದೆಯೇ ಎಲ್ಲವನ್ನೂ ಹೇಳಿದೆ. ಗಂಟಲು ಕಟ್ಟಿದ್ದರಿಂದ ಹಿಡಿದು ಅಮ್ಮನ ಮಾತಿನವರೆಗೆ. ಮುಗಿದ ಮೇಲೆ ಕಾಗದ ಎಲ್ಲಿ ಎಂದು ಕೇಳಿದರು. ನಾನು ಬರೆದುಕೊಂಡು ಬಂದಿದ್ದ ಮೂರು ನಂಬರುಗಳನ್ನು ತೋರಿಸಿದೆ. “ಇದ್ರಲ್ಲಿ ಅವಳು ಯಾವ್ದು?” ಎಂದರು. ತೋರಿಸಿದೆ. ಅದರ ಮೇಲೆ ಬೆರಳಿಟ್ಟರು. “ಅವನು?” ಎಂದರು. ತೋರಿಸಿದೆ. “ನೀನು?” ಎಂದರು. ಅದನ್ನೂ ತೋರಿಸಿದೆ. ಕಾಗದವನ್ನು ನನ್ನ ಕೈಗೆ ಕೊಟ್ಟು ಎದ್ದು ಕೊಟ್ಟಿಗೆಗೆ ಹೋದರು. ಕೆಂಡ ಆರಿತು. ಎಡೆಯ ಅನ್ನ ಸಂಜೆಯವರೆಗೆ ಹಾಗೇ ಒಣಗಿತು. ಅಪ್ಪ ಹಾಲು ಕರೆದು ತಂದಿಟ್ಟು, ಬಾಗಿಲ ಹತ್ತಿರ ನಿಂತು, “ಅವನ್ಗ ಮಣ್ಣು ಹಾಕಕ ಬುಡ್ನಿಲ್ವಲ್ಲ ನಾನು,” ಎಂದರು. ನನಗೆ ಹೇಳಿದ್ದಲ್ಲ, ಯಾರಿಗೂ ಹೇಳಿದ್ದಲ್ಲ.

ಅಂದಿನಿಂದ ಅಪ್ಪ ನನಗೆ ಒಂದು ಬಿರುಸು ಮಾತು ಆಡಿಲ್ಲ. ನಿನಗೆ ಅಂದದ್ದನ್ನು ನನಗೂ ಅನ್ನಲಿ ಎಂದು ಊಟಿಗೆ ಹಿಂತಿರುಗದೆ ಕಾಯುತ್ತಿದ್ದೇನೆ, ಅನ್ನುತ್ತಿಲ್ಲ. ಬಡಿಸಿದ್ದನ್ನು ಉಣ್ಣುತ್ತಾರೆ. ಆದರೆ ಹೆಸರು ಹಿಡಿದು ಕರೆಯುವುದನ್ನು ಬಿಟ್ಟಿದ್ದಾರೆ. ನೀರು ಬೇಕಾದರೆ ತಾವೇ ಎದ್ದು ಹೋಗುತ್ತಾರೆ.

ಮಹಾಲಿಂಗಂ ಅಣ್ಣನ ವಿಷಯದಲ್ಲಿ ನಿನಗೆ ಸಮಾಧಾನ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಅವರ ಸ್ಯಾಂಪಲ್ಲನ್ನೂ ಕಳಿಸಿದ್ದೆವು. ಓದಲು ಸಾಕಾಗುವಷ್ಟು ವೈರಸ್ಸು ಅದರಲ್ಲಿ ಉಳಿದಿಲ್ಲ ಎಂದು ಬಂತು. ನೀನು ಆ ಬೆಂಚಿನ ಮೇಲೆ ನೀರು ಕುಡಿದದ್ದು ನಿಜ. ಒಂಬತ್ತನೇ ತಾರೀಖು ಜೀಪು ಇಳಿದವಳು ನಾನು ಅದೇ ಬೆಂಚಿನ ಮೇಲೆ ಮಾಸ್ಕು ತೆಗೆದು ಟೀ ಕುಡಿದದ್ದೂ ನಿಜ. ನಿನ್ನಿಂದಲೋ, ನನ್ನಿಂದಲೋ, ಬೇರೆ ಯಾರಿಂದಲೋ, ಅದು ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಶುಕ್ರವಾರ ನಾನು ರಾಜಾಮಣಿ ಅಕ್ಕನ ಹತ್ತಿರ ಹೋಗಿ ಇದನ್ನೂ ಹೇಳಿದೆ. ಲೋಟ ತೊಳೆಯುತ್ತಿದ್ದವರು ನಿಲ್ಲಿಸಿದರು. “ಹಾಗಾದರೆ ನಾನು ಯಾರ ಗಾಡಿಯ ಗಾಜು ಒಡೆದೆ?” ಎಂದು ತಮಿಳಿನಲ್ಲಿ ಕೇಳಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಿನ್ನೆ ಅಂಗಡಿ ತೆರೆಯಲಿಲ್ಲ, ಇಂದೂ ತೆರೆದಿಲ್ಲ. ಬೀದಿಯಲ್ಲಿ ಈಗ ನನ್ನ ಹೆಸರು ಓಡಾಡುತ್ತಿದೆ. ಹಾಲು ತೆಗೆದುಕೊಳ್ಳಲು ಬರುತ್ತಿದ್ದ ಎರಡು ಮನೆಯವರು ಬರುವುದನ್ನು ನಿಲ್ಲಿಸಿದ್ದಾರೆ. ನೀನು ಜೂನಿನಲ್ಲಿ ಹೊತ್ತದ್ದು ಎಷ್ಟು ಭಾರವಿತ್ತು ಎಂದು ನನಗೆ ಈಗ ಗೊತ್ತಾಗುತ್ತಿದೆ.

ಲ್ಯಾಬಿನಲ್ಲಿ ನಿಯಮ ಮೀರಿ ನಂಬರು ಹುಡುಕಿದ್ದನ್ನು ನಾನೇ ಆಸ್ಪತ್ರೆಗೆ ತಪ್ಪೊಪ್ಪಿ ಬರೆದುಕೊಟ್ಟಿದ್ದೇನೆ. ಸುಗನ್ಯಾ ಮೇಡಂ ಬೇಡ ಎಂದರು, ನಾನೇ ಹಟ ಹಿಡಿದೆ. ನನ್ನ ಕಾಂಟ್ರಾಕ್ಟು ಈ ತಿಂಗಳ ಕೊನೆಗೆ ಮುಗಿಯುತ್ತದೆ, ಮತ್ತೆ ಮುಂದುವರಿಸುತ್ತಾರೋ ಇಲ್ಲವೋ. ಕೇಳಲು ನನಗೂ ಮನಸ್ಸಿಲ್ಲ.

ನನ್ನನ್ನು ಕ್ಷಮಿಸು ಎಂದು ಕೇಳಲು ಈ ಕಾಗದ ಬರೆದದ್ದಲ್ಲ. ಕ್ಷಮಿಸದಿದ್ದರೂ ನಿನ್ನ ತಪ್ಪಿಲ್ಲ. ಅಮ್ಮನ ಸಾವು ನಿನ್ನ ತಲೆಯ ಮೇಲಿಲ್ಲ ಎಂಬುದು ನಿನ್ನ ಕೈಯಲ್ಲಿ ಅಕ್ಷರದಲ್ಲಿ ಇರಲಿ, ಯಾರಾದರೂ ಕೇಳಿದರೆ ತೋರಿಸಲು ಇರಲಿ ಎಂದು ಬರೆದೆ. ಹೊತ್ತಿಗೆ ಸರಿಯಾಗಿ ಉಣ್ಣು. ಬೆಂಕಿಯ ಮುಂದೆ ಕೂರುವಾಗ ಒದ್ದೆ ಬಟ್ಟೆಯನ್ನಾದರೂ ಮೂಗಿಗೆ ಕಟ್ಟಿಕೋ. ಅಮ್ಮ ಇದ್ದಿದ್ದರೆ ಏನು ಹರಸುತ್ತಿದ್ದಳೋ ಅದೆಲ್ಲ ನಿನಗಿರಲಿ.

ನಿನ್ನ ತಂಗಿ,
ವೀಣಾ

ಮತ್ತೆ: ಮಂಗಳವಾರ ಬೆಳಿಗ್ಗೆ, ತೆಪ್ಪಕಾಡು ಬಸ್‌ಸ್ಟಾಪಿನಲ್ಲಿ ಮಂಡಿಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ಕಾಗದವನ್ನು ಅಂಚೆಗೆ ಹಾಕಲು ಹೊರಟಾಗ ಅಪ್ಪ ಒಗೆದ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. “ಇಲ್ಲಿ ತಾ, ನಾನೇ ತಕ್ಕೊಂಡೋಯ್ತೀನಿ,” ಎಂದರು. ಜೊತೆಗೆ ಬರುತ್ತೇನೆ ಎಂದರೆ ಬೇಡ ಎಂದರು, ಹಸು ನೋಡಿಕೋ ಎಂದರು. ಬಸ್ಸು ಹತ್ತಿಸಲು ಇಲ್ಲಿಯವರೆಗೆ ಮಾತ್ರ ಬಂದಿದ್ದೇನೆ. ಗುಂಡ್ಲುಪೇಟೆಯಿಂದ ಆಚೆಗೆ ಅವರು ಒಬ್ಬರೇ ಎಂದೂ ಹೋದವರಲ್ಲ. ಮೈಸೂರಿನಲ್ಲಿ ಯಾವ ಬಸ್ಸು ಹತ್ತಬೇಕು, ಹುಣಸೂರಿನಲ್ಲಿ ಯಾರನ್ನು ಕೇಳಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ನಿನ್ನೆದುರು ಏನು ಹೇಳುತ್ತಾರೋ ನನಗೆ ತಿಳಿಯದು, ಏನೂ ಹೇಳಲಾಗದೆ ಇದನ್ನು ಕೈಗೆ ಕೊಟ್ಟು ಸುಮ್ಮನೆ ನಿಲ್ಲಬಹುದು. ಮೈಸೂರು ಬಸ್ಸು ಬಂತು, ಕೈ ಚಾಚಿ ಕಾಗದ ಕೇಳುತ್ತಿದ್ದಾರೆ. ಅಣ್ಣ, ನೀನು ಇಷ್ಟನ್ನೂ ಓದಿ ಮುಗಿಸುವ ಹೊತ್ತಿಗೆ ಅವರು ಆ ನೋಯುವ ಮಂಡಿಯಲ್ಲೇ ಬಹಳ ಹೊತ್ತು ನಿಂತಿರುತ್ತಾರೆ. ನೀನು ಹೇಳದೆ ಕೂರುವವರಲ್ಲ. ಕೂರಲು ಹೇಳು.